ಮಂಡಿನೋವು, ನವೆಂಬರ್ ತಿಂಗಳು, ವೆನಿಸ್

ಪ್ರಶ್ನೆ: ನಾವು ಕುಂದಾಪುರದವರು. ನನಗೆ 67, ಬ್ಯಾಂಕಿನಿಂದ ನಿವೃತ್ತ. ಹೆಂಡತಿಗೆ 63, ಎರಡೂ ಮಂಡಿ ಸವೆದಿದೆ. ಸಮತಟ್ಟಾದ ನೆಲದಲ್ಲಿ ಅರ್ಧ ಗಂಟೆ ನಡೆಯುತ್ತಾಳೆ, ಮೆಟ್ಟಿಲು ಕಂಡರೆ ಮಾತ್ರ ನಿಂತುಬಿಡುತ್ತಾಳೆ. ನವೆಂಬರ್ ನಡುವಿನಲ್ಲಿ ಮ್ಯೂನಿಕ್‌ನ ಮಗಳ ಮನೆಯಲ್ಲಿ ಇರುತ್ತೇವೆ. ಅಲ್ಲಿಂದ ರೈಲಿನಲ್ಲಿ ವೆನಿಸ್‌ಗೆ ಹೋಗಿ ಮೂರು ರಾತ್ರಿ ಇದ್ದು ಬನ್ನಿ ಎಂದು ಮಗಳು ಹೇಳುತ್ತಿದ್ದಾಳೆ. ಅವಳಿಗೆ ರಜೆ ಇಲ್ಲ, ನಾವಿಬ್ಬರೇ ಹೋಗಬೇಕು. ನೆಂಟರೆಲ್ಲ ಹೆದರಿಸುತ್ತಿದ್ದಾರೆ: ನವೆಂಬರಿನಲ್ಲಿ ಅಲ್ಲಿ ನೆರೆ ಬರುತ್ತದೆ, ಕಾಲುವೆ ನಾರುತ್ತದೆ, ಊರೊಳಗೆ ಹೋಗಲೂ ಟಿಕೆಟ್, ಗೊಂಡೊಲಾ ದೋಣಿಯವರು ಸುಲಿಯುತ್ತಾರೆ, ಒಂದು ದಿನ ನೋಡಿದರೆ ಧಾರಾಳವಾಯಿತು, ಉಳಿಯುವುದಾದರೆ ಅರ್ಧ ಬಾಡಿಗೆಗೆ ಪಕ್ಕದ ಮೆಸ್ತ್ರೆ ಊರಿನಲ್ಲಿ ಉಳಿಯಿರಿ ಎಂದು. ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಹೋಗಬಹುದೇ, ಬಿಡುವುದು ಒಳ್ಳೆಯದೇ?

ಉತ್ತರ: ನಿಮ್ಮ ಪತ್ರದಲ್ಲಿ ನೆರೆಯಿದೆ, ನಾತವಿದೆ, ಸುಲಿಗೆಯಿದೆ. ಸೇತುವೆಯ ಮಾತು ಒಂದು ಕಡೆಯೂ ಇಲ್ಲ. ನಿಮ್ಮಿಬ್ಬರ ಮಟ್ಟಿಗೆ ವೆನಿಸ್‌ನಲ್ಲಿ ಲೆಕ್ಕ ಹಾಕಬೇಕಾದ್ದು ಅದನ್ನೇ. ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳನ್ನು 400ಕ್ಕೂ ಹೆಚ್ಚು ಸೇತುವೆಗಳು ಹೊಲಿದಿಟ್ಟ ಊರು ಅದು. ಕೆಳಗೆ ದೋಣಿ ಹಾಯಬೇಕಾದ್ದರಿಂದ ಹೆಚ್ಚುಕಮ್ಮಿ ಪ್ರತಿ ಸೇತುವೆಯೂ ಬಿಲ್ಲಿನಂತೆ ಬಾಗಿದೆ: ಹತ್ತು ಹದಿನೈದು ಮೆಟ್ಟಿಲು ಏರು, ಅಷ್ಟೇ ಇಳಿತ. ಸಲೀಸು ದಾರಿಯಂತೆ ಕಾಣುವ ಹದಿನೈದು ನಿಮಿಷದ ನಡಿಗೆಯಲ್ಲಿ ಇಂಥವು ಐದಾರು ಎದುರಾಗುವುದು ಮಾಮೂಲು. ಬಸ್ಸಿಲ್ಲ, ಆಟೋ ಇಲ್ಲ, ಸೈಕಲ್ ಕೂಡ ಇಲ್ಲ.

ಹಾಗೆಂದು ಹೋಗಬೇಡಿ ಎನ್ನುತ್ತಿಲ್ಲ. ಸೇತುವೆ ದಾಟದೆ, ಇಲ್ಲವೇ ದಿನಕ್ಕೆ ಎರಡು ಮೂರು ಮಾತ್ರ ದಾಟಿ, ಊರಿನ ಮುಖ್ಯ ಜಾಗಗಳನ್ನೆಲ್ಲ ನೋಡಬಹುದು. ಅದಕ್ಕೆ ಊರನ್ನು ಬೀದಿಗಳ ನಕ್ಷೆಯಾಗಿ ನೋಡುವುದನ್ನು ಬಿಟ್ಟು ದೋಣಿ ನಿಲ್ದಾಣಗಳ ನಕ್ಷೆಯಾಗಿ ನೋಡಬೇಕು. ಅದನ್ನು ಆಮೇಲೆ ವಿವರಿಸುತ್ತೇನೆ, ಮೊದಲು ನೆಂಟರ ಮಾತುಗಳನ್ನು ಒಂದೊಂದಾಗಿ ತೂಗೋಣ.

ನೆರೆಯ ಮಾತು ಪೂರ್ತಿ ಸುಳ್ಳಲ್ಲ. ಅಕ್ಟೋಬರಿನಿಂದ ಜನವರಿಯವರೆಗೆ ‘ಆಕ್ವಾ ಆಲ್ತಾ’, ಅಂದರೆ ಎತ್ತರದ ನೀರಿನ ಕಾಲ. ಆದರೆ ಅದು ಮಳೆಗಾಲದಲ್ಲಿ ನಾವು ಕಾಣುವ ಹೊಳೆಯ ನೆರೆಯಲ್ಲ, ಕಡಲಿನ ಉಬ್ಬರ. ಅಳಿವೆಯ ಊರಿನವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರ ಏಳುವ ಹೊತ್ತಿಗೇ ತೆಂಕಣದಿಂದ ‘ಶಿರೋಕ್ಕೊ’ ಗಾಳಿ ಬೀಸಿ, ಉದ್ದಕ್ಕೆ ಚಾಚಿಕೊಂಡ ಏಡ್ರಿಯಾಟಿಕ್ ಕಡಲಿನ ನೀರನ್ನು ಬಡಗಣ ಮೂಲೆಗೆ ಒತ್ತುತ್ತದೆ. ಜೊತೆಗೆ ವಾಯುಭಾರವೂ ಕುಸಿದಿದ್ದರೆ ನೀರು ಇನ್ನಷ್ಟು ಏರುತ್ತದೆ. ಈ ಮೂರೂ ಕೂಡಿಬಂದ ದಿನ ಊರಿನ ತಗ್ಗಿನ ಭಾಗಗಳಿಗೆ ನೀರು ಬರುತ್ತದೆ, ಎರಡು ಮೂರು ತಾಸಿನಲ್ಲಿ ಇಳಿತದೊಂದಿಗೆ ಹೊರಟುಹೋಗುತ್ತದೆ. ಬೆಳಗ್ಗೆ ಹತ್ತಕ್ಕೆ ಒದ್ದೆಯಾಗಿದ್ದ ಚೌಕದಲ್ಲಿ ಮಧ್ಯಾಹ್ನ ಒಂದಕ್ಕೆ ಕುರ್ಚಿ ಹಾಕಿ ಕಾಫಿ ಕೊಡುತ್ತಿರುತ್ತಾರೆ.

ಸುದ್ದಿಯಲ್ಲಿ ಬರುವ ಅಂಕಿಗಳೂ ಹೆದರಿಸುತ್ತವೆ. ‘ವೆನಿಸ್‌ನಲ್ಲಿ 110 ಸೆಂಟಿಮೀಟರ್ ನೀರು’ ಎಂದರೆ ಬೀದಿಯಲ್ಲಿ ಸೊಂಟಮಟ್ಟ ನೀರು ಎಂದಲ್ಲ. ಆ ಅಳತೆ ಶುರುವಾಗುವುದು ಪುಂತಾ ದೆಲ್ಲಾ ಸಲೂತೆ ಎಂಬಲ್ಲಿ 1897ರಲ್ಲಿ ಗುರುತಿಸಿದ ಸೊನ್ನೆಯಿಂದ. ಊರಿನ ಅತಿ ತಗ್ಗಿನ ಜಾಗಗಳಲ್ಲಿ ಒಂದಾದ ಸಾನ್ ಮಾರ್ಕೊ ಚೌಕ ಒದ್ದೆಯಾಗಲು ಶುರುವಾಗುವುದೇ ಸುಮಾರು 80ಕ್ಕೆ. ಅಂದರೆ 105 ಬಂದ ದಿನ ಚೌಕದ ತಗ್ಗಿನಲ್ಲಿ ನಿಲ್ಲುವುದು ಒಂದು ಗೇಣು ಚಿಲ್ಲರೆ ನೀರು. 110 ಮುಟ್ಟಿದಾಗಲೂ ಊರಿನ ನೆಲದಲ್ಲಿ ತೋಯುವುದು ಸುಮಾರು 12 ಶೇಕಡಾ. ನಿಜಕ್ಕೂ ಊರು ಮುಳುಗಿದ್ದು 1966ರ ನವೆಂಬರ್ 4ರಂದು, 194 ಸೆಂಟಿಮೀಟರ್. ನಂತರದ ದೊಡ್ಡ ಏಟು 2019ರ ನವೆಂಬರ್ 12ರದು, 187. ನಿಮ್ಮ ನೆಂಟರು ನೋಡಿರುವ ವಿಡಿಯೊಗಳಲ್ಲಿ ಹೆಚ್ಚಿನವು ಆ 2019ರ ರಾತ್ರಿಯವೇ ಇರಬೇಕು.

ಅದಾದ ಮೇಲೆ ಪರಿಸ್ಥಿತಿ ಬದಲಾಗಿದೆ. ‘ಮೋಸೆ’ ಎಂಬ ತಡೆಗೋಡೆ 2020ರ ಅಕ್ಟೋಬರ್ 3ರಂದು ಮೊದಲ ಬಾರಿ ನಿಜವಾದ ಉಬ್ಬರವೊಂದನ್ನು ತಡೆಯಿತು. ಲೀದೊ, ಮಲಮೊಕ್ಕೊ, ಕಿಯೊಜ್ಜಾ ಎಂಬ ಮೂರು ಅಳಿವೆಗಳ ತಳದಲ್ಲಿ 78 ಉಕ್ಕಿನ ಬಾಗಿಲುಗಳು ನೀರು ತುಂಬಿಕೊಂಡು ಮಲಗಿರುತ್ತವೆ. ಉಬ್ಬರ ಜೋರಾಗಲಿದೆ ಎಂದಾಗ ಒಳಗೆ ಗಾಳಿ ತುಂಬಿ ನೀರನ್ನು ಹೊರದೂಡುತ್ತಾರೆ, ಬಾಗಿಲುಗಳು ತೇಲಿ ಎದ್ದು ನಿಂತು ಕಡಲನ್ನು ಆಚೆಗೇ ತಡೆಯುತ್ತವೆ. ಆದರೆ ಒಂದು ಮಾತು. ಅವನ್ನು ಎಬ್ಬಿಸುವುದು ಸಾಮಾನ್ಯವಾಗಿ 110 ದಾಟುವ ಮುನ್ಸೂಚನೆ ಇದ್ದಾಗ ಮಾತ್ರ. 80ರಿಂದ 110ರ ನಡುವಿನ ಉಬ್ಬರಕ್ಕೆ ಸಾನ್ ಮಾರ್ಕೊ ಚೌಕದಲ್ಲಿ ಇಂದಿಗೂ ನೀರು ಬರುತ್ತದೆ, ಅದೂ ಹೆಚ್ಚಾಗಿ ಮಳೆನೀರಿನ ತೂಬುಗಳಿಂದ ಮೇಲಕ್ಕುಕ್ಕಿ. ಬಸಿಲಿಕಾ ಚರ್ಚಿನ ಸುತ್ತ 2022ರಲ್ಲಿ ಗಾಜಿನ ತಡೆ ಕಟ್ಟಿದ್ದರಿಂದ ಅದರ ಒಳಗೆ ಈಗ ತೊಂದರೆಯಿಲ್ಲ. ಮುನ್ಸೂಚನೆಯೂ ಒಮ್ಮೊಮ್ಮೆ ತಪ್ಪುತ್ತದೆ: 2020ರ ಡಿಸೆಂಬರ್ 8ರಂದು ಬಾಗಿಲು ಎಬ್ಬಿಸದೆ ಬಿಟ್ಟರು, ನೀರು 138 ಮುಟ್ಟಿತು.

ನೀವು ಮಾಡಬೇಕಾದ್ದು ಇಷ್ಟೇ. ವೆನಿಸ್ ನಗರಸಭೆಯ ಉಬ್ಬರ ಕೇಂದ್ರ ಮುಂದಿನ ಮೂರು ದಿನಗಳ ಮುನ್ಸೂಚನೆ ಕೊಡುತ್ತದೆ, ‘ಹೈ ಟೈಡ್ ವೆನಿಸ್’ ಆ್ಯಪ್‌ನಲ್ಲಿ ಅದನ್ನೇ ನೋಡಬಹುದು. ಬೆಳಗ್ಗೆ ಕಾಫಿ ಕುಡಿಯುತ್ತಾ ಅಂದಿನ ಗರಿಷ್ಠ ಮಟ್ಟವನ್ನೂ ಅದರ ಗಂಟೆಯನ್ನೂ ನೋಡಿ. 80ರ ಒಳಗಿದ್ದರೆ ಮರೆತುಬಿಡಿ. 80ರಿಂದ 110 ಇದ್ದರೆ ಆ ಎರಡು ಮೂರು ತಾಸು ಸಾನ್ ಮಾರ್ಕೊ ಬಿಟ್ಟು ಬೇರೆ ಕಡೆ ಇರಿ. ಅಲ್ಲಿ ನೀರಿನ ಮೇಲೆ ಹಲಗೆಯ ಅಟ್ಟಣಿಗೆ ಹಾಕುತ್ತಾರೆ. ಅಗಲ ಕಡಿಮೆ, ಕೈಹಿಡಿಯಿಲ್ಲ, ಎರಡು ಕಡೆಯಿಂದಲೂ ಜನ. ಮಂಡಿ ನೋವಿನವರು ಅದರ ಮೇಲೆ ನಡೆಯದಿರುವುದೇ ಲೇಸು. ಬೀದಿಯಲ್ಲಿ ಹತ್ತು ಹದಿನೈದು ಯೂರೋಗೆ ಮಾರುವ ಪ್ಲಾಸ್ಟಿಕ್ ಕಾಲುಚೀಲದಂಥ ಬೂಟು ಒದ್ದೆ ಕಲ್ಲಿನ ಮೇಲೆ ಜಾರುತ್ತದೆ, ಕೊಳ್ಳಬೇಡಿ. 110 ದಾಟುವುದಿದ್ದರೆ ಊರಿಗೆಲ್ಲ ಕೇಳುವಂತೆ ಸೈರನ್ ಕೂಗಿ, ಹಿಂದೆಯೇ ಒಂದು ದೀರ್ಘ ಸ್ವರ ಕೇಳಿಸುತ್ತದೆ. ಸ್ವರ ಎರಡಾದರೆ 120, ಮೂರಾದರೆ 130, ನಾಲ್ಕಾದರೆ 140. ನೀರು ಏರಿದಾಗ ಕೆಲವು ದೋಣಿಗಳು ಸೇತುವೆಯಡಿ ತೂರಲಾಗದೆ ಮಾರ್ಗ ಬದಲಿಸುತ್ತವೆ, ಕನ್ನರೇಜೊ ಕಾಲುವೆಯ ದೋಣಿಗಳು ವಿಶೇಷವಾಗಿ. ನವೆಂಬರಿನಲ್ಲಿ ಉಬ್ಬರಕ್ಕಿಂತ ಹೆಚ್ಚು ಸಲ ಎದುರಾಗುವುದು ಮಂಜು. ಆಗ ದೋಣಿ ತಡವಾಗುತ್ತದೆ, ದೂರದ ದ್ವೀಪಗಳ ಪಯಣ ಸಪ್ಪೆಯಾಗುತ್ತದೆ.

ನಾತದ ಮಾತಿಗೆ ಹೆಚ್ಚು ಹೊತ್ತು ಬೇಡ. ವೆನಿಸ್‌ನ ಕೊಳಚೆಯ ಒಂದು ಪಾಲು ಇಂದಿಗೂ ಹಳೆಯ ಇಟ್ಟಿಗೆ ಚರಂಡಿಗಳ ಮೂಲಕ ಕಾಲುವೆಗೇ ಸೇರುತ್ತದೆ, ಅದನ್ನು ದಿನಕ್ಕೆರಡು ಸಲ ಉಬ್ಬರ ಇಳಿತ ತೊಳೆಯುತ್ತದೆ. ಕಡುಬೇಸಿಗೆಯಲ್ಲಿ ನೀರು ಇಳಿದು ಕೆಸರು ತೆರೆದುಕೊಂಡಾಗ ಸಣ್ಣ ಕಾಲುವೆಗಳ ಬಳಿ ಮೂಗಿಗೆ ಬಡಿಯುವುದುಂಟು. ನವೆಂಬರಿನ ಚಳಿಯಲ್ಲಿ ಬರುವುದು ಉಪ್ಪುಗಾಳಿಯ ವಾಸನೆ. ಕುಂದಾಪುರದವರಿಗೆ ಅದು ವಾಸನೆಯೇ ಅಲ್ಲ.

ಪ್ರವೇಶ ಟಿಕೆಟ್ ಇರುವುದು ನಿಜ, ನಿಮಗೆ ಅದು ಬೇಕಾಗದು. 2024ರಲ್ಲಿ 29 ದಿನಗಳ ಮಟ್ಟಿಗೆ ಶುರುವಾದ ಈ ಶುಲ್ಕವನ್ನು 2025ರಲ್ಲಿ 54 ದಿನಗಳಿಗೆ ಹೆಚ್ಚಿಸಿದರು. ಎಲ್ಲವೂ ಏಪ್ರಿಲ್‌ನಿಂದ ಜುಲೈ ಒಳಗಿನ ಜನಜಂಗುಳಿಯ ದಿನಗಳು, ಬೆಳಗ್ಗೆ 8.30ರಿಂದ ಸಂಜೆ 4ರವರೆಗೆ ಮಾತ್ರ. ಮೊದಲೇ ಕಟ್ಟಿದರೆ 5 ಯೂರೋ, ಕೊನೆಯ ಗಳಿಗೆಯಲ್ಲಿ 10. ಅದು ಬೆಳಗ್ಗೆ ಬಂದು ಸಂಜೆ ಹೋಗುವವರಿಗೆ. ನಗರಸಭೆಯ ಗಡಿಯೊಳಗೆ, ಮೆಸ್ತ್ರೆಯೂ ಸೇರಿ, ರಾತ್ರಿ ತಂಗುವವರಿಗೆ ವಿನಾಯಿತಿ ಇದೆ. ನೀವು ಕಟ್ಟಬೇಕಾದ್ದು ಬೇರೊಂದು: ತಲೆಗೆ, ರಾತ್ರಿಗೆ ಇಷ್ಟೆಂದು ಕೆಲವು ಯೂರೋಗಳ ವಾಸ್ತವ್ಯ ತೆರಿಗೆ. ಆನ್‌ಲೈನ್ ಬುಕಿಂಗ್ ಮೊತ್ತದಲ್ಲಿ ಅದು ಬಹಳ ಸಲ ಸೇರಿರುವುದಿಲ್ಲ, ಹೋಟೆಲಿನಲ್ಲಿ ಕೇಳಿದಾಗ ಮೋಸವೆಂದು ಜಗಳಕ್ಕಿಳಿಯಬೇಡಿ.

ಗೊಂಡೊಲಾದ ದರ ನಗರಸಭೆ ನಿಗದಿಮಾಡಿದ್ದು: ಹಗಲು ಅರ್ಧ ಗಂಟೆಗೆ 90 ಯೂರೋ, ಸಂಜೆ 7ರ ಮೇಲೆ 35 ನಿಮಿಷಕ್ಕೆ 110. ಇದು ಇಡೀ ದೋಣಿಗೆ, ಐದು ಜನರವರೆಗೆ. ತಲೆಗೆ 90 ಎಂದರೆ ಎದ್ದು ನಡೆಯಿರಿ. ಹಾಡು ಬೇಕೆಂದರೆ ಬೇರೆ ದುಡ್ಡು. ಹತ್ತುವ ಮುಂಚೆ ಎಷ್ಟು ಹೊತ್ತು, ಎಷ್ಟು ಹಣ ಎಂದು ಬಾಯಿಬಿಟ್ಟು ಕೇಳಿಕೊಂಡರೆ ಸುಲಿಗೆಯ ಪ್ರಶ್ನೆ ಮುಗಿಯಿತು. ನಿಮ್ಮ ಮನೆಯವರಿಗೆ ಕಷ್ಟವಾಗುವುದು ದರವಲ್ಲ, ಆಸನ. ಕಟ್ಟೆಯಿಂದ ಅಲುಗಾಡುವ ದೋಣಿಗೆ ಕೆಳಕ್ಕೆ ಕಾಲಿಟ್ಟು, ನೆಲಮಟ್ಟದ ಮಂಚದಂಥ ಆಸನದಲ್ಲಿ ಕುಸಿದು ಕೂತು, ಅರ್ಧ ಗಂಟೆಯ ನಂತರ ಮಂಡಿಯ ಬಲದ ಮೇಲೆ ಏಳಬೇಕು. ಆಸೆಯಿದ್ದರೆ ಉಬ್ಬರದ ಹೊತ್ತು ನೋಡಿ ಹೋಗಿ, ಆಗ ಕಟ್ಟೆಗೂ ದೋಣಿಗೂ ಎತ್ತರದ ಅಂತರ ಕಡಿಮೆ. ದೊಡ್ಡ ಕಾಲುವೆ ದಾಟಿಸುವ ‘ತ್ರಗೆತ್ತೊ’ ಎಂಬ ಎರಡು ಯೂರೋ ಗೊಂಡೊಲಾ ಇನ್ನೂ ಕಷ್ಟ, ಅದರಲ್ಲಿ ನಿಂತೇ ಹೋಗುವವರು ಹೆಚ್ಚು. ನನ್ನ ಕೇಳಿದರೆ, ಆ 90 ಯೂರೋವನ್ನು ನಿಮ್ಮಿಬ್ಬರ ಮೂರು ದಿನದ ದೋಣಿ ಪಾಸಿಗೆ ಹಾಕಿ. ಮೊತ್ತವೂ ಸರಿಯಾಗಿ ಅಷ್ಟೇ.

ಈಗ ಆ ದೋಣಿಯ ವಿಷಯ. ‘ವಪೊರೆತ್ತೊ’ ಎಂದರೆ ಅಲ್ಲಿನ ಸಿಟಿ ಬಸ್. ಒಂದು ಟಿಕೆಟ್ 9.50 ಯೂರೋ, 75 ನಿಮಿಷ ನಡೆಯುತ್ತದೆ. ಪಾಸು 24 ಗಂಟೆಗೆ 25, 48ಕ್ಕೆ 35, 72ಕ್ಕೆ 45. ಈ ದರಗಳು ಆಗಾಗ ಏರುತ್ತವೆ, ಹೊರಡುವ ಮುನ್ನ ನೋಡಿಕೊಳ್ಳಿ. ಮೂರು ದಿನದಲ್ಲಿ ಐದು ಸಲ ಹತ್ತಿದರೆ ಪಾಸಿನ ದುಡ್ಡು ಹುಟ್ಟುತ್ತದೆ, ನೀವು ಅದರ ಮೂರು ಪಟ್ಟು ಹತ್ತುತ್ತೀರಿ. ಪಾಸಿನ ಗಡಿಯಾರ ಓಡಲು ಶುರುವಾಗುವುದು ಕೊಂಡಾಗಲ್ಲ, ನಿಲ್ದಾಣದ ಬಾಗಿಲಲ್ಲಿರುವ ಯಂತ್ರಕ್ಕೆ ಮೊದಲ ಸಲ ತೋರಿಸಿದಾಗ. ಆಮೇಲೂ ಪ್ರತಿ ಸಲ ಹತ್ತುವ ಮುಂಚೆ ತೋರಿಸಿ ‘ಬೀಪ್’ ಕೇಳಿಸಿಕೊಳ್ಳಬೇಕು. ಇಬ್ಬರೂ ಒಂದೇ ಪಾಸು ತೋರಿಸಿ ಹತ್ತಿ ದಂಡ ಕಟ್ಟುವವರಿದ್ದಾರೆ, ಪಾಸು ಒಬ್ಬರಿಗೆ ಒಂದು. ವಿಮಾನ ನಿಲ್ದಾಣಕ್ಕೆ ಹೋಗುವ ಅಲಿಲಗುನಾ ದೋಣಿ ಬೇರೆ ಸಂಸ್ಥೆಯದು, ಅದಕ್ಕೆ ಈ ಪಾಸು ನಡೆಯದು.

ಮಂಡಿಗೆ ವಪೊರೆತ್ತೊ ಯಾಕೆ ಒಳ್ಳೆಯದೆಂದರೆ ಅದರ ನಿಲ್ದಾಣ ತೇಲುವ ವೇದಿಕೆ. ನೀರು ಏರಿದರೂ ಇಳಿದರೂ ವೇದಿಕೆಯೂ ದೋಣಿಯೂ ಒಟ್ಟಿಗೆ ಏರಿಳಿಯುವುದರಿಂದ ಹತ್ತಲು ಮೆಟ್ಟಿಲಿಲ್ಲ. ಇಳಿತದ ಹೊತ್ತು ದಡದಿಂದ ವೇದಿಕೆಗೆ ಹೋಗುವ ಹಲಗೆ ಸ್ವಲ್ಪ ಕಡಿದಾಗಿರುತ್ತದೆ, ಅಷ್ಟೇ. ದೋಣಿ ಕಟ್ಟೆಗೆ ತಾಗುವಾಗ ಜೋರಾಗಿ ತಳ್ಳುತ್ತದೆ. ಪೂರ್ತಿ ನಿಂತು ಹಗ್ಗ ಬಿಗಿಯುವ ತನಕ ಆಸನದಿಂದ ಏಳಬೇಡಿ.

1ನೇ ನಂಬರಿನ ದೋಣಿ ದೊಡ್ಡ ಕಾಲುವೆಯ ಉದ್ದಕ್ಕೂ ಹೆಚ್ಚುಕಡಿಮೆ ಎಲ್ಲ ನಿಲ್ದಾಣಗಳಲ್ಲಿ ನಿಂತು ಮುಕ್ಕಾಲು ಗಂಟೆಯಲ್ಲಿ ಸಾನ್ ಮಾರ್ಕೊ ತಲುಪುತ್ತದೆ. 2ನೇ ನಂಬರಿನದು ಬೇಗ, ನಿಲ್ದಾಣ ಕಡಿಮೆ. ಯಾವ ನಿಲ್ದಾಣದಲ್ಲಿ ಇಳಿದರೆ ಸೇತುವೆ ದಾಟದೆ ಏನು ಸಿಗುತ್ತದೆ ಎಂಬುದೇ ನಿಮ್ಮ ಪ್ರವಾಸದ ಕೀಲಿ. ಸಾನ್ ಮಾರ್ಕೊ ಚೌಕಕ್ಕೆ ‘ವಲ್ಲರೆಸ್ಸೊ’ದಲ್ಲಿ ಇಳಿಯಿರಿ, ನೇರ ಒಳಗಿನ ಓಣಿ ಹಿಡಿದು ಬಲಕ್ಕೆ ತಿರುಗಿದರೆ ಸೇತುವೆಯಿಲ್ಲದೆ ಚೌಕ. ಬಹಳ ಜನ ಇಳಿಯುವ ಸಾನ್ ಜಕ್ಕರಿಯಾದಿಂದ ಬಂದರೆ ‘ಪಾಲ್ಯಾ’ ಸೇತುವೆ ಹತ್ತಬೇಕು. ಅದೂ ನಿಟ್ಟುಸಿರ ಸೇತುವೆಯ ಫೋಟೊ ತೆಗೆಯುವವರ ನಡುವೆ. ‘ಸಾನ್ ತೊಮಾ’ದಲ್ಲಿ ಇಳಿದರೆ ಫ್ರಾರಿ ಚರ್ಚು ಹತ್ತಿರ. ಅಲ್ಲಿನ ಪೀಠದ ಮೇಲೆ ಟಿಷಿಯನ್ 1518ರಲ್ಲಿ ಮುಗಿಸಿದ ಮೇರಿಯ ಸ್ವರ್ಗಾರೋಹಣವಿದೆ, ನೋಡಲು ಕುರ್ಚಿಯೂ ಇದೆ. ಅಕ್ಕಾದೆಮಿಯ ಚಿತ್ರಶಾಲೆ ದೋಣಿ ನಿಲ್ದಾಣದ ಎದುರಿಗೇ. ಸಲೂತೆ ಚರ್ಚಿಗೆ ಸೇತುವೆಯಿಲ್ಲ, ಬಾಗಿಲ ಮುಂದೆ ಹತ್ತಾರು ಮೆಟ್ಟಿಲಿವೆ. ರಿಯಾಲ್ತೊ ಸೇತುವೆಯನ್ನು ಹತ್ತಿ ನೋಡುವುದಕ್ಕಿಂತ ಅದರಡಿ ದೋಣಿಯಲ್ಲಿ ಹಾಯುವಾಗ ನೋಡುವುದೇ ಚೆನ್ನ. 1591ರಲ್ಲಿ ಮುಗಿದ ಆ ಒಂದೇ ಕಮಾನಿನ ಕಲ್ಲಿನ ಕೆಲಸ ಕೆಳಗಿನಿಂದಲೇ ಕಾಣುವುದು.

ಎತ್ತರದಿಂದ ಊರು ನೋಡುವ ಆಸೆಯನ್ನೂ ಬಿಡಬೇಕಿಲ್ಲ. ಸಾನ್ ಮಾರ್ಕೊದ 98.6 ಮೀಟರ್ ಗಂಟೆಗೋಪುರಕ್ಕೆ ಲಿಫ್ಟ್ ಇದೆ. ಹಳೆಯ ಗೋಪುರ 1902ರ ಜುಲೈ 14ರಂದು ಕುಸಿದು ರಾಶಿಯಾಯಿತು, ಈಗಿರುವುದು 1912ರಲ್ಲಿ ಅದೇ ರೂಪದಲ್ಲಿ ಕಟ್ಟಿದ್ದು. ಎದುರಿನ ದ್ವೀಪದ ಸಾನ್ ಜೋರ್ಜೊ ಮಜ್ಜೋರೆ ಚರ್ಚಿನ ಗೋಪುರಕ್ಕೂ ಲಿಫ್ಟ್ ಇದೆ, ಸಾಲು ಚಿಕ್ಕದು. ಅಲ್ಲಿಂದ ಸಾನ್ ಮಾರ್ಕೊವೇ ಎದುರಿಗೆ ಕಾಣುತ್ತದೆ. ಒಂದನ್ನೇ ಆರಿಸುವುದಾದರೆ ಅದನ್ನೇ ಆರಿಸಿ. ಬಸಿಲಿಕಾದ ಒಳಗೆ ಗೋಡೆಗಳ ಮೇಲ್ಭಾಗದಲ್ಲಿ, ಚಾವಣಿಯಲ್ಲಿ 8,000 ಚದರ ಮೀಟರಿನಷ್ಟು ಚಿನ್ನದ ಮೊಸಾಯಿಕ್ ಇದೆ, ಕೆಳಗಿನಿಂದಲೇ ನೋಡಬಹುದು. ಆದರೆ 1204ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ದೋಚಿ ತಂದ ನಾಲ್ಕು ಕಂಚಿನ ಕುದುರೆಗಳಿರುವ ಮೇಲಿನ ಸಂಗ್ರಹಾಲಯದ ಮೆಟ್ಟಿಲು ಕಡಿದು, ಎತ್ತರ. ನೀವೊಬ್ಬರೇ ಹತ್ತಿ ಬನ್ನಿ. ಮುಂಭಾಗದಲ್ಲಿ ಹೊರಗೆ ಕಾಣುವುದು ಅವುಗಳ ಪ್ರತಿಕೃತಿ. ಭುಜ, ಮಂಡಿ ಮುಚ್ಚಿರಬೇಕೆಂಬ ನಿಯಮ ಸೀರೆಗೆ ಅಡ್ಡಬರದು. ಬೆನ್ನಿಗೆ ಹಾಕುವ ದೊಡ್ಡ ಚೀಲವನ್ನು ಮಾತ್ರ ಒಳಗೆ ಬಿಡುವುದಿಲ್ಲ. ಹಿಂದೆ ವೆನಿಸ್ ಆಳುತ್ತಿದ್ದ ‘ದೋಜೆ’ಯ ಅರಮನೆಯಲ್ಲಿ ಎಲ್ಲ ಮಹಡಿ ನೋಡುವ ಹಟ ಬೇಡ, ಟಿಕೆಟ್ ಕೊಳ್ಳುವಾಗಲೇ ಲಿಫ್ಟಿನ ದಾರಿ ಕೇಳಿ.

ತಪ್ಪಿಸಲಾಗದ ಸೇತುವೆ ಬಂದಾಗ ನಿಮ್ಮ ವೈದ್ಯರೂ ಹೇಳಿರಬಹುದಾದ ಕ್ರಮ ನೆನಪಿರಲಿ: ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಮಂಡಿಗೆ ಭಾರ ಬೀಳುವುದು ಇಳಿಯುವಾಗಲೇ ಹೆಚ್ಚು. ಮೆಟ್ಟಿಲಿನ ಅಂಚಿಗೆ ಇಸ್ತ್ರಿಯಾದ ಬಿಳಿಗಲ್ಲು ಹಾಕಿದ್ದಾರೆ, ಶತಮಾನಗಳ ಕಾಲ್ತುಳಿತಕ್ಕೆ ನುಣುಪಾಗಿ ಒದ್ದೆಯಾದರೆ ಸಾಬೂನಿನಂತಾಗುತ್ತದೆ. ಕಂಬಿಯ ಪಕ್ಕದಲ್ಲೇ ನಡೆಯಿರಿ, ಊರುಗೋಲಿನ ರಬ್ಬರ್ ತುದಿ ಹೊಸದಿರಲಿ. ಅಕ್ಟೋಬರ್ ಕೊನೆಯ ಮ್ಯಾರಥಾನ್ ಓಟಕ್ಕಾಗಿ ಜತ್ತೆರೆ ಮತ್ತು ರೀವಾ ದಂಡೆಯ ಸೇತುವೆಗಳ ಮೇಲೆ ಇಳಿಜಾರು ಹಲಗೆ ಹಾಸುತ್ತಾರೆ. ಅವನ್ನು ಕೆಲವು ತಿಂಗಳು ಹಾಗೆಯೇ ಬಿಡುವುದುಂಟು, ನವೆಂಬರಿನಲ್ಲಿ ಹೋಗುವುದರ ಲಾಭಗಳಲ್ಲಿ ಇದೂ ಒಂದು. ಸೇತುವೆಯಿಲ್ಲದೆ ತಲುಪಬಹುದಾದ ಪ್ರದೇಶಗಳನ್ನು ಬಣ್ಣ ಹಾಕಿ ತೋರಿಸುವ ನಕ್ಷೆಯನ್ನು ನಗರಸಭೆಯೇ ಕೊಡುತ್ತದೆ. ಮಗಳ ಕೈಲಿ ಮುದ್ರಿಸಿಕೊಂಡು ಜೇಬಿನಲ್ಲಿಟ್ಟುಕೊಳ್ಳಿ. ಓಣಿಗಳಲ್ಲಿ ಗೋಡೆಗಳ ನಡುವೆ ಫೋನಿನ ಜಿಪಿಎಸ್ ದಾರಿ ತಪ್ಪುತ್ತದೆ, ಅದೂ ಅಲ್ಲದೆ ಗೂಗಲ್ ಮ್ಯಾಪ್ಸ್ ಮೆಟ್ಟಿಲನ್ನು ಲೆಕ್ಕಕ್ಕೆ ಹಿಡಿಯದೆ ಹತ್ತಿರದ ದಾರಿ ತೋರಿಸುತ್ತದೆ.

ಎಲ್ಲಿ ಉಳಿಯುವುದು? ಬಾಡಿಗೆಯ ಅಂತರ ನಿಜ, ಮೆಸ್ತ್ರೆ ಅಗ್ಗ. ಅದು ಮುಖ್ಯ ನೆಲದ ಮೇಲಿರುವ ಸಾಧಾರಣ ಊರು, ನೆಲವೆಲ್ಲ ಸಮತಟ್ಟು, ಹೋಟೆಲುಗಳಲ್ಲಿ ಲಿಫ್ಟ್ ಇರುತ್ತದೆ. ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷಕ್ಕೆ ವೆನಿಸ್‌ನ ಸಾಂತಾ ಲುಚೀಯಾ ನಿಲ್ದಾಣ, ಟಿಕೆಟ್ ಒಂದೂವರೆ ಯೂರೋ ಆಸುಪಾಸು. ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುನ್ನ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ಇಲ್ಲದಿದ್ದರೆ ದಂಡ. ಮೆಸ್ತ್ರೆಯಲ್ಲಿ ಬಾಂಗ್ಲಾದೇಶಿಗಳು ದೊಡ್ಡ ಸಂಖ್ಯೆಯಲ್ಲಿದ್ದಾರೆ, ಅಕ್ಕಿ, ಬೇಳೆ, ಮಸಾಲೆ ಸಿಗುವ ಅಂಗಡಿಗಳು ನಿಲ್ದಾಣದ ಸುತ್ತಲೇ ಇವೆ. ಇಷ್ಟೆಲ್ಲ ಇದ್ದೂ ನಾನು ನಿಮಗೆ ಅದನ್ನು ಹೇಳುವುದಿಲ್ಲ, ಕಾರಣ ಮಧ್ಯಾಹ್ನದ ನಿದ್ದೆ. ಮಂಡಿನೋವಿನವರು ದಿನವನ್ನು ಎರಡು ತುಂಡು ಮಾಡಬೇಕು: ಬೆಳಗ್ಗೆ ಎರಡೂವರೆ ತಾಸು, ಕೋಣೆಗೆ ಬಂದು ಕಾಲು ಚಾಚಿ ಎರಡು ತಾಸು, ಮತ್ತೆ ಸಂಜೆ. ಮೆಸ್ತ್ರೆಯಲ್ಲಿ ಕೋಣೆಯಿದ್ದರೆ ಯಾರೂ ನಡುವೆ ವಾಪಸ್ ಹೋಗುವುದಿಲ್ಲ. ನಾಲ್ಕು ಗಂಟೆಗೆ ಕಾಲು ಬಿದ್ದುಹೋಗಿ ಐದಕ್ಕೆ ರೈಲು ಹತ್ತುತ್ತಾರೆ. ವೆನಿಸ್ ಚೆನ್ನಾಗಿರುವುದು ದಿನದ ಪ್ರವಾಸಿಗಳು ಖಾಲಿಯಾದ ಮೇಲೆ. ನವೆಂಬರ್ ನಡುವಿನಲ್ಲಿ ಸಂಜೆ 4.40ಕ್ಕೆಲ್ಲ ಸೂರ್ಯ ಮುಳುಗುತ್ತದೆ, ಆರು ಗಂಟೆಗೆ ದೀಪ ಹತ್ತಿದ ಕಾಲುವೆಯಲ್ಲಿ 1ನೇ ನಂಬರಿನ ದೋಣಿಯ ಹಿಂದಿನ ಸಾಲು ಹೆಚ್ಚಾಗಿ ಖಾಲಿ. ಒಂದೇ ದಿನದಲ್ಲಿ ನೋಡಿ ಮುಗಿಸಿದವರಿಗೆ ಸಿಗದೇ ಹೋಗುವುದು ಈ ಹೊತ್ತು.

ದ್ವೀಪದೊಳಗೇ, ಆದರೆ ಅಂಚಿನಲ್ಲಿ ಉಳಿಯಿರಿ. ಸಾಂತಾ ಲುಚೀಯಾ ನಿಲ್ದಾಣದಿಂದ ಎಡಕ್ಕೆ ಹೋಗುವ ಲಿಸ್ತಾ ದಿ ಸ್ಪಾನ್ಯಾ ಬೀದಿ ಸಾನ್ ಜೆರೆಮಿಯಾ ಚರ್ಚಿನವರೆಗೆ ಸಮತಟ್ಟು, ಒಂದೂ ಸೇತುವೆಯಿಲ್ಲ. ಬೀದಿ ತುಂಬ ಗದ್ದಲ, ಚೆಲುವೇನಿಲ್ಲ, ಊಟ ದುಬಾರಿ. ಆದರೆ ಪೆಟ್ಟಿಗೆ ಎಳೆದುಕೊಂಡು ಹೋಗಬಹುದು, ದೋಣಿ ನಿಲ್ದಾಣ ಬಾಗಿಲಲ್ಲೇ. ಇನ್ನೊಂದು ಆಯ್ಕೆ ಕಾ’ ದೋರೊ ನಿಲ್ದಾಣದ ಬಳಿಯ ಸ್ತ್ರಾದಾ ನೊವಾ, ಅಥವಾ ಸಾನ್ ತೊಮಾ ಸುತ್ತಮುತ್ತ. ಅಲ್ಲಿ ನಿಶ್ಶಬ್ದ ಹೆಚ್ಚು, ಬಾಡಿಗೆಯೂ ಹೆಚ್ಚು, ಹಳೆಯ ಕಟ್ಟಡಗಳಾದ್ದರಿಂದ ಲಿಫ್ಟ್ ಇಲ್ಲದಿರುವ ಅಪಾಯವೂ ಹೆಚ್ಚು. ಲೀದೊ ದ್ವೀಪದಲ್ಲಿ ರಸ್ತೆ, ಬಸ್ಸು ಎಲ್ಲ ಇವೆ, ಬೇಸಿಗೆಯಾಗಿದ್ದರೆ ಅದನ್ನೇ ಹೇಳುತ್ತಿದ್ದೆ. ನವೆಂಬರಿನಲ್ಲಿ ಅಲ್ಲಿನ ಅನೇಕ ಹೋಟೆಲು ಮುಚ್ಚಿರುತ್ತವೆ. ಅಡಿಗೆಮನೆಯಿರುವ ಬಾಡಿಗೆ ಮನೆ ಹಿಡಿಯುವುದಾದರೆ ಜಾಹೀರಾತಿನಲ್ಲಿ ‘ಸಿಐಎನ್’ ಎಂಬ ರಾಷ್ಟ್ರೀಯ ನೋಂದಣಿ ಸಂಖ್ಯೆ ಇದೆಯೇ ನೋಡಿ. ಇಟಲಿಯಲ್ಲಿ ಅದು ಈಗ ಕಡ್ಡಾಯ.

ಊಟದಲ್ಲಿ ಮೊಟ್ಟೆಯೇ ತೊಡಕು. ಸೂತ್ರ ಒಂದಿದೆ: ಒಣ ಪಾಸ್ತಾ, ಅಂದರೆ ಸ್ಪಗೆಟ್ಟಿ, ಪೆನ್ನೆ, ಬರೀ ಗೋಧಿ ಮತ್ತು ನೀರು. ‘ಫ್ರೆಸ್ಕಾ’ ಎಂದು ಬರೆದ ತಾಜಾ ಪಾಸ್ತಾದಲ್ಲಿ, ತಲ್ಯತೆಲ್ಲೆಯಲ್ಲಿ ಮೊಟ್ಟೆ ಇರುತ್ತದೆ. ಆಲೂಗಡ್ಡೆಯ ನ್ಯೊಕ್ಕಿಯಲ್ಲೂ ಇರುವುದುಂಟು. ‘ಪೊಮೊದೊರೊ’, ‘ಅರಬ್ಯಾತಾ’, ‘ಆಲ್ಯೊ ಓಲ್ಯೊ’ ಸಾಸುಗಳು ನಿಶ್ಚಿಂತೆ. ರಿಸೊತ್ತೊ ತರಕಾರಿಯದೇ ಆದರೂ ಬೇಯಿಸುವ ಸಾರು ಮಾಂಸದ್ದೋ ಮೀನಿನದೋ ಇರಬಹುದು, ‘ಬ್ರೊದೊ ವೆಜೆತಾಲೆ?’ ಎಂದು ಕೇಳಿ. ಬ್ರೆಡ್ಡಿನ ಮೇಲೆ ಬೆಣ್ಣೆಯಂತೆ ಬೆಳ್ಳಗೆ ಹಚ್ಚಿರುವುದು ಈ ಊರಿನಲ್ಲಿ ಹೆಚ್ಚಾಗಿ ‘ಬಕಲಾ’, ಅರೆದ ಒಣಮೀನು. ಚೀಸ್ ಎಂದುಕೊಂಡು ಬಾಯಿಗಿಟ್ಟವರು ಎಷ್ಟೋ. ಪಾರ್ಮಿಜಾನೊ, ಗ್ರಾನಾ ಚೀಸ್‌ಗಳ ಹೆಪ್ಪು ಕರುವಿನ ಹೊಟ್ಟೆಯದು, ಬೇಡವಾದರೆ ಮೊದಲೇ ಹೇಳಿ. ತಿರಮಿಸುವಿನಲ್ಲಿ ಹಸಿಮೊಟ್ಟೆ, ಪನ್ನಾಕೊತ್ತಾದಲ್ಲಿ ಜೆಲಟಿನ್. ಹಣ್ಣಿನ ‘ಸೊರ್ಬೆತ್ತೊ’ ತಿನ್ನಿ. ಪಟ್ಟಿಯಲ್ಲಿ ‘ಕೊಪೆರ್ತೊ’ ಎಂದು ತಲೆಗೆ ಎರಡು ಮೂರು ಯೂರೋ ಇರುತ್ತದೆ, ಅದು ಮೇಜಿನ ಶುಲ್ಕ. ಕಾಫಿ ನಿಂತು ಕುಡಿದರೆ ಒಂದೂವರೆ ಯೂರೋ ಸುಮಾರಿಗೆ ಮುಗಿಯುತ್ತದೆ, ಸಾನ್ ಮಾರ್ಕೊ ಚೌಕದಲ್ಲಿ ವಾದ್ಯದವರ ಎದುರು ಕೂತರೆ ಸಂಗೀತಕ್ಕೂ ಬೇರೆ ಬಿಲ್ಲು. ಕುಡಿಯುವ ನೀರು ಕೊಳ್ಳಬೇಡಿ, ಚೌಕಗಳಲ್ಲಿನ ನಲ್ಲಿಗಳ ನೀರು ಶುದ್ಧ. ಮೂತ್ರಾಲಯಕ್ಕೆ 1.50 ಯೂರೋ, ಚಿಲ್ಲರೆ ಇಟ್ಟುಕೊಳ್ಳಿ.

ಕಳ್ಳತನದ ವಿಷಯ ಚಿಕ್ಕದಾಗಿ: ರಾತ್ರಿ ಓಣಿಗಳಲ್ಲಿ ಭಯವಿಲ್ಲ, ಹಗಲು ತುಂಬಿದ ದೋಣಿಯಲ್ಲಿ, ರಿಯಾಲ್ತೊದ ಮೇಲೆ, ರೈಲು ಟಿಕೆಟ್ ಯಂತ್ರದ ಬಳಿ ಜೇಬು ಜೋಪಾನ. ನಿಲ್ದಾಣದ ಎದುರಿನ ಸ್ಕಾಲ್ಜಿ ಸೇತುವೆಯ ಬುಡದಲ್ಲಿ ಕೇಳದೆಯೇ ಪೆಟ್ಟಿಗೆ ಎತ್ತಿಕೊಳ್ಳುವವರು ಆಚೆ ದಡದಲ್ಲಿ ಕೈ ಚಾಚುತ್ತಾರೆ. ಗಾಜಿನ ಕೆಲಸದ ದ್ವೀಪವಾದ ಮುರಾನೊಗೆ ‘ಉಚಿತ ದೋಣಿ’ ಎಂದವರ ದೋಣಿ ನಿಲ್ಲುವುದು ಗಾಜಿನ ಅಂಗಡಿಯೊಳಗೆ. ನಿಮ್ಮ ಪಾಸಿನಲ್ಲೇ ಅಲ್ಲಿಗೆ ಹೋಗಬಹುದು.

ಮ್ಯೂನಿಕ್‌ನಿಂದ ಹಗಲು ಹೊತ್ತು ನೇರ ರೈಲಿದೆ. ಇನ್ಸ್‌ಬ್ರುಕ್, ಬ್ರೆನ್ನರ್ ಕಣಿವೆ, ವೆರೋನಾ ಹಾದು ಸುಮಾರು ಆರೂವರೆಯಿಂದ ಏಳು ತಾಸು. ನೀವು ಹೆಚ್ಚು ದಿನ ಇರುವುದು ಜರ್ಮನಿಯಲ್ಲಾದ್ದರಿಂದ ಷೆಂಗೆನ್ ವೀಸಾ ಜರ್ಮನಿಯ ಮೂಲಕವೇ ಪಡೆಯಬೇಕು, ಇಟಲಿಗೆ ಬೇರೆ ಬೇಡ. ಅರ್ಜಿಯ ಪ್ರಯಾಣ ವಿವರದಲ್ಲಿ ವೆನಿಸ್‌ನ ಮೂರು ರಾತ್ರಿಗಳನ್ನೂ ತೋರಿಸಿ. ರೈಲಿನಲ್ಲಿ ಗಡಿ ತಪಾಸಣೆ ನಡೆಯುತ್ತದೆ, ಹೋಟೆಲಿನಲ್ಲೂ ಕೇಳುತ್ತಾರೆ, ಆದ್ದರಿಂದ ಮೂಲ ಪಾಸ್‌ಪೋರ್ಟ್ ಜೊತೆಗಿರಲಿ. ವೀಸಾಕ್ಕೆಂದು ಮಾಡಿಸುವ 30,000 ಯೂರೋ ವಿಮೆಯಲ್ಲಿ ಮೊದಲೇ ಇರುವ ಮಂಡಿನೋವಿಗೆ ರಕ್ಷಣೆ ಸಿಗದಿರಬಹುದು, ಬಿದ್ದು ಪೆಟ್ಟಾದರೆ ಸಿಗುತ್ತದೆಯೇ ಎಂಬ ಷರತ್ತನ್ನು ಓದಿ ಸಹಿ ಹಾಕಿ. ತುರ್ತು ಕರೆ 112. ದೊಡ್ಡ ಪೆಟ್ಟಿಗೆ ಮಗಳ ಮನೆಯಲ್ಲೇ ಇರಲಿ, ಇಬ್ಬರಿಗೂ ಒಂದೇ ಕೈಪೆಟ್ಟಿಗೆ ಸಾಕು.

ತಾರೀಖು ಇನ್ನೂ ಗೊತ್ತಾಗಿಲ್ಲವಾದರೆ ನವೆಂಬರ್ 21 ಒಳಗೊಳ್ಳುವಂತೆ ನೋಡಿ. 1630-31ರ ಪ್ಲೇಗಿನಿಂದ ಪಾರಾದ ಹರಕೆಗೆ ಸಲೂತೆ ಚರ್ಚು ಕಟ್ಟಿಸಿದ ಊರಿನವರು ಆ ದಿನ ಇಂದಿಗೂ ಬಂದು ಮೇಣದಬತ್ತಿ ಹಚ್ಚುತ್ತಾರೆ. ದೊಡ್ಡ ಕಾಲುವೆಗೆ ಅಡ್ಡಲಾಗಿ ತಾತ್ಕಾಲಿಕ ಸೇತುವೆಯೇ ಏಳುತ್ತದೆ. ಪ್ರವಾಸಿಗಳ ಹಬ್ಬವಲ್ಲ, ಮನೆಮಂದಿಯ ಜಾತ್ರೆ. ನೂಕುನುಗ್ಗಲು ಮಧ್ಯಾಹ್ನದ ಮೇಲೆ, ನೀವು ಬೆಳಗ್ಗೆಯೇ ದೋಣಿಯಲ್ಲಿ ಹೋಗಿ.

ಹೋಟೆಲಿಗೆ ಮುಂಗಡ ಕೊಡುವ ಮುನ್ನ ಮಗಳ ಕೈಲಿ ಮೂರು ಪ್ರಶ್ನೆಯ ಒಂದು ಮೇಲ್ ಬರೆಸಿ. ಹತ್ತಿರದ ವಪೊರೆತ್ತೊ ನಿಲ್ದಾಣ ಯಾವುದು, ಅಲ್ಲಿಂದ ನಿಮ್ಮ ಬಾಗಿಲವರೆಗೆ ಎಷ್ಟು ಸೇತುವೆ, ಬಾಗಿಲಿನಿಂದ ಕೋಣೆಯವರೆಗೆ ಎಷ್ಟು ಮೆಟ್ಟಿಲು. ಲಿಫ್ಟ್ ಇದೆಯೇ ಎಂದಷ್ಟೇ ಕೇಳಿದರೆ ಇದೆ ಎನ್ನುತ್ತಾರೆ, ಆ ಲಿಫ್ಟ್ ಶುರುವಾಗುವುದೇ ಹತ್ತು ಮೆಟ್ಟಿಲು ಹತ್ತಿದ ಮೇಲೆ ಎಂಬುದು ಅಲ್ಲಿಗೆ ಹೋದಾಗ ತಿಳಿಯುತ್ತದೆ. ‘ಸೊನ್ನೆ ಸೇತುವೆ’ ಎಂದು ಬರೆದುಕೊಟ್ಟರೆ ಕೋಣೆ ಹಿಡಿಯಿರಿ. ‘ಒಂದು, ಚಿಕ್ಕದು’ ಎಂದರೆ ಯೋಚಿಸಿ. ‘ಹತ್ತಿರವೇ ಇದೆ, ಐದು ನಿಮಿಷ’ ಎಂದು ಅಂಕಿ ಕೊಡದೆ ಉತ್ತರಿಸಿದವರನ್ನು ಬಿಟ್ಟು ಮುಂದಿನದನ್ನು ನೋಡಿ.